ದುರ್ಗದ ಬಂಡೆ ಮೇಲೆ ಅಮ್ಮನ ಸಿನಿಮಾ

ಚಿತ್ರದುರ್ಗ ಕೋಟೆಯ ಟಿಕೆಟ್ ಕೌಂಟರ್ ಮುಂದೆ ನಿಂತು ಅಮ್ಮ ಕೇಳಿದ ಮೊದಲ ಪ್ರಶ್ನೆ: "ಚಾಮಯ್ಯ ಮೇಷ್ಟ್ರು ಬಿದ್ದಿದ್ದು ಯಾವ ಬಂಡೆಯಿಂದಪ್ಪ?"

ಒಳಗಿದ್ದವರು ತಲೆಯೆತ್ತಿ ನೋಡಿ ನಕ್ಕರು. "ಮೇಲೆ ಹೋಗಿ ಕೇಳಿ ಅಮ್ಮಾ. ಒಬ್ಬೊಬ್ರು ಒಂದೊಂದು ಬಂಡೆ ತೋರಿಸ್ತಾರೆ. ನಿಮಗೆ ಯಾವುದು ಇಷ್ಟ ಆಗುತ್ತೋ ಅದೇ ಇಟ್ಕೊಳ್ಳಿ."

ನಾನು ಪಕ್ಕದಲ್ಲಿ ನಿಂತು ಫೋನ್ ನೋಡುವಂತೆ ನಟಿಸುತ್ತಿದ್ದೆ. ನಮ್ಮ ಹಿಂದೆ ಕ್ಯೂನಲ್ಲಿದ್ದ ಹುಡುಗರು ನಮ್ಮನ್ನು ಏನೆಂದುಕೊಂಡರೋ ಅಂತ ಒಂಥರಾ ಮುಜುಗರ. ಏಳು ಸುತ್ತಿನ ಕೋಟೆ, ಪಾಳೆಗಾರರ ಇತಿಹಾಸ, ಓಬವ್ವನ ಕಿಂಡಿ, ಇಷ್ಟೆಲ್ಲ ಇರುವ ಜಾಗಕ್ಕೆ ಬಂದು ಸಿನಿಮಾದ ಮೇಷ್ಟ್ರನ್ನ ಕೇಳ್ತಾಳಲ್ಲ ಇವಳು! ಈ ಮುಜುಗರದ ಬಗ್ಗೆಯೇ ಇವತ್ತು ಬರೀಬೇಕು ಅಂತ ಕೂತಿದ್ದೇನೆ. ಯಾಕಂದ್ರೆ ಅದು ಆವತ್ತಿನದಲ್ಲ, ಹಳೇದು.

ನಮ್ಮ ಆಫೀಸಿನಲ್ಲಿ ಒಂದು ಸಿನಿಮಾ ಗ್ರೂಪ್ ಇದೆ. ಬಗ್ ಫಿಕ್ಸ್ ಮಾಡಿ ಮಾಡಿ ಸಾಕಾದ ಹದಿನೈದು ಇಪ್ಪತ್ತು ಜನ ರಾತ್ರಿ ಹನ್ನೊಂದಕ್ಕೆ ಕುರೊಸಾವಾ, ತಾರ್ಕೊವ್‌ಸ್ಕಿ ಅಂತ ಚರ್ಚೆ ಮಾಡ್ತೀವಿ. ಹೋದ ವರ್ಷ ಒಬ್ಬರು ಎಲ್ಲರೂ ತಮ್ಮ ಟಾಪ್ ಟೆನ್ ಹಾಕಿ ಅಂದರು. ನಾನು ಅರ್ಧ ದಿನ ಯೋಚಿಸಿ ಪಟ್ಟಿ ಹಾಕಿದೆ. ಮೊದಲನೆಯದು 'ಜೀನ್ ಡೀಲ್‌ಮನ್'. ಎರಡು ಸಲ ನೋಡಲು ಕೂತು ಎರಡು ಸಲವೂ ನಿದ್ದೆ ಹೋಗಿದ್ದ ಸಿನಿಮಾ ಅದು. ಐದನೆಯದು 'ಘಟಶ್ರಾದ್ಧ'. ಅದನ್ನಾದರೂ ಪೂರ್ತಿ ನೋಡಿದ್ದೆ, ದೇವರಾಣೆ. ಪಟ್ಟಿಯ ಕೆಳಗೆ ಹನ್ನೆರಡು ಲೈಕು ಬಿತ್ತು.

ನನ್ನ ನಿಜವಾದ ಇಷ್ಟದ ಸಿನಿಮಾ ಯಾವುದು ಗೊತ್ತಾ? 'ಗಣೇಶನ ಮದುವೆ'. 1990ರ ಫಣಿ ರಾಮಚಂದ್ರ ಅವರ ವಠಾರದ ಕಥೆ. ಜ್ವರ ಬಂದರೆ, ಅಪ್ರೈಸಲ್ ಕೆಟ್ಟರೆ, ಊರಿಂದ ವಾಪಸ್ ಬಂದ ರಾತ್ರಿ ಬೇಜಾರಾದರೆ ನಾನು ಹಾಕಿಕೊಳ್ಳೋದು ಅದನ್ನೇ. ಅನಂತ್‌ನಾಗ್ ಮುಂದಿನ ಮಾತು ಏನಾಡ್ತಾರೆ ಅಂತ ನನಗೆ ಗೊತ್ತು, ಆದರೂ ನಗು ಬರುತ್ತೆ. ಅದು ಪಟ್ಟಿಯಲ್ಲಿ ಹತ್ತನೇ ಸ್ಥಾನಕ್ಕೂ ಬರಲಿಲ್ಲ. ಬರಲು ನಾನು ಬಿಡಲಿಲ್ಲ.

ಪಟ್ಟಿಗಳ ಕಥೆ ಸ್ವಲ್ಪ ಹೇಳ್ತೀನಿ, ಗೊತ್ತಿದ್ದವರು ಮುಂದಿನ ಪ್ಯಾರಾಕ್ಕೆ ಹಾರಬಹುದು. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಜಗತ್ತಿನ ಅತಿ ಶ್ರೇಷ್ಠ ಸಿನಿಮಾಗಳ ಪಟ್ಟಿ ಮಾಡುತ್ತೆ. ಮೊದಲ ಸಲ ಗೆದ್ದದ್ದು 'ಬೈಸಿಕಲ್ ಥೀವ್ಸ್', ಆಗ ಅದಕ್ಕೆ ಬರೀ ನಾಲ್ಕು ವರ್ಷ ವಯಸ್ಸು. ಆಮೇಲೆ 1962ರಿಂದ 2002ರವರೆಗೆ ಐದು ಸಲ 'ಸಿಟಿಜನ್ ಕೇನ್' ಕುರ್ಚಿ ಬಿಡಲೇ ಇಲ್ಲ. 2012ರಲ್ಲಿ ಹಿಚ್‌ಕಾಕ್‌ನ 'ವರ್ಟಿಗೊ' ಬಂತು. 2022ರಲ್ಲಿ 1,600ಕ್ಕೂ ಹೆಚ್ಚು ಜನ ಹತ್ತತ್ತು ಹೆಸರು ಬರೆದುಕೊಟ್ಟು, ಬೆಲ್ಜಿಯಮ್ಮಿನ ಶಾಂತಾಲ್ ಅಕೆರ್ಮನ್ 1975ರಲ್ಲಿ ಮಾಡಿದ 'ಜೀನ್ ಡೀಲ್‌ಮನ್' ಮೊದಲ ಸ್ಥಾನಕ್ಕೆ ಹೋಯಿತು. ಅದೇ ಪಟ್ಟಿಯಲ್ಲಿ ಸತ್ಯಜಿತ್ ರೇ ಅವರ 'ಪಥೇರ್ ಪಾಂಚಾಲಿ' 35ನೆಯದು. ಅದೇ ವರ್ಷ ಭಾರತದ ಫಿಪ್ರೆಸ್ಕಿ ವಿಮರ್ಶಕರು ನಮ್ಮ ದೇಶದ್ದೇ ಹತ್ತು ಸಿನಿಮಾ ಆರಿಸಿದರು. 'ಪಥೇರ್ ಪಾಂಚಾಲಿ' ಮೊದಲು, ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ' ಐದನೆಯದು, 'ಶೋಲೆ' ಹತ್ತನೆಯದು. ರಾಮನಗರದ ಬಂಡೆಗೆ ಪಟ್ಟಿಯಲ್ಲಿ ಜಾಗ ಸಿಕ್ಕಿತು, ದುರ್ಗದ ಬಂಡೆಗೆ ಸಿಗಲಿಲ್ಲ.

ದುರ್ಗದ ಬಂಡೆ ಅಂದರೆ 'ನಾಗರಹಾವು'. ಪುಟ್ಟಣ್ಣ ಕಣಗಾಲ್, 1972. ಅಮ್ಮನ ಸಿನಿಮಾ.

ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ ಅವಳ ತವರು. ಬೆಂಗಳೂರಲ್ಲಿ ಬಿಡುಗಡೆಯಾಗಿ ಎಷ್ಟೋ ತಿಂಗಳ ಮೇಲೆ ಸಂತೆ ಊರಿನ ಟೆಂಟಿಗೆ ಬಂದಾಗ ಎತ್ತಿನ ಗಾಡಿಯಲ್ಲಿ ಹೋಗಿ ನೋಡಿದ್ದಂತೆ. ನೆಲದಲ್ಲಿ ಕೂತು, ಗೋಣಿಚೀಲ ಹಾಸಿಕೊಂಡು, ರೀಲು ಬದಲಾಯಿಸುವಾಗೆಲ್ಲ ಕಡ್ಲೆಕಾಯಿ ತಿಂದುಕೊಂಡು. ಆಗ ಅವಳಿಗೆ ಹನ್ನೊಂದೋ ಹನ್ನೆರಡೋ. ಆಮೇಲೆ ದೂರದರ್ಶನದಲ್ಲಿ, ವಿಸಿಡಿಯಲ್ಲಿ, ಈಗ ಯೂಟ್ಯೂಬಿನಲ್ಲಿ. 2018ರಲ್ಲಿ ಹೊಸ ತಂತ್ರಜ್ಞಾನದಲ್ಲಿ ಮತ್ತೆ ಥಿಯೇಟರಿಗೆ ಬಂದಾಗ ನನ್ನನ್ನು ಕರೆದಳು. ನನಗೆ ಆ ವಾರ ರಿಲೀಸ್ ಇತ್ತು, ಸಾಫ್ಟ್‌ವೇರ್ ರಿಲೀಸು. ಹೋಗಲಿಲ್ಲ. ಅವಳೊಬ್ಬಳೇ ಆಟೋ ಮಾಡಿಕೊಂಡು ಹೋಗಿ ಬಂದಳು. ಹೇಗಿತ್ತಮ್ಮ ಅಂದರೆ "ಕಲರ್ ಚೆನ್ನಾಗಿ ಮಾಡವ್ರೆ" ಅಂದಳು ಅಷ್ಟೇ.

ಅವಳಿಗೆ ಅದು ಯಾಕಿಷ್ಟ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಕೇಳೋದೇನಿದೆ, ವಿಷ್ಣುವರ್ಧನ್ ಅಂದುಕೊಂಡಿದ್ದೆ.

ಮುಂದಿನ ತಿಂಗಳು ಅಮ್ಮನ ಎಡ ಮಂಡಿಯ ಆಪರೇಷನ್ ಅಂತ ಗೊತ್ತಾಯಿತು. ಮೆಟ್ಟಿಲು ಕಡಿಮೆ ಹತ್ತಿ ಅಂದರು ಡಾಕ್ಟರು. ಆವತ್ತು ರಾತ್ರಿ ಊಟಕ್ಕೆ ಕೂತಾಗ, "ಅದಕ್ಕೆ ಮುಂಚೆ ದುರ್ಗ ಹತ್ತಿಬಿಡ್ತೀನಿ ಕಣೆ" ಅಂದಳು. ಹೊಸದುರ್ಗದವಳು, ಅರವತ್ತು ದಾಟಿದೆ, ಚಿತ್ರದುರ್ಗದ ಕೋಟೆ ಒಳಗೆ ಒಂದು ಸಲವೂ ಹೋಗಿಲ್ಲ. ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೇ.

ಶನಿವಾರ ಬೆಳಗ್ಗೆ ಐದಕ್ಕೆ ಹೊರಟೆವು. ಬೆಂಗಳೂರಿಂದ ಇನ್ನೂರು ಕಿಲೋಮೀಟರ್ ಚಿಲ್ಲರೆ, ಪುಣೆ ರಸ್ತೆ, ಕಣ್ಣು ಮುಚ್ಚಿಕೊಂಡು ಹೋಗಬಹುದು (ಹೋಗಬೇಡಿ). ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಶಿರಾ ದಾಟುತ್ತಲೇ ಹಸಿರು ತೆಳ್ಳಗಾಗಿ ಆಕಾಶ ಅಗಲವಾಗುತ್ತೆ, ಹಿರಿಯೂರಿನ ಕಡೆ ಬಂದರೆ ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳು. ಅಮ್ಮನಿಗೆ ಅವು ಕಂಡರೆ ಆಗಲ್ಲ. "ಜೋಗಿಗಳು ಸಾಲಾಗಿ ನಿಂತಂಗೆ" ಅಂದಳು. ಹಿರಿಯೂರಲ್ಲಿ ಎಡಕ್ಕೆ ಕೈ ತೋರಿಸಿ ಮಾರಿಕಣಿವೆ ಡ್ಯಾಮಿನ ವಿಷಯ ಬಂತು. 1933ರಲ್ಲಿ ಒಮ್ಮೆ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷದ ಮೇಲೆ. "ನಮ್ಮಜ್ಜಿ ನೋಡಿದ್ಲು, ಆಮೇಲೆ ನಾನೇ ನೋಡಿದ್ದು. ನಮ್ಮವ್ವ ಪಾಪ ನಡುವಲ್ಲೇ ಬಂದು ಹೋದ್ಲು" ಅಂತ ಅಮ್ಮ ಲೆಕ್ಕ ಹೇಳಿದಳು.

ದಾರಿಯಲ್ಲಿ ನನಗೆ ನೆನಪಾದದ್ದು ನಾನು ಮಾಡಿದ ಇನ್ನೊಂದು ಸಿನಿಮಾ ಪ್ರಯಾಣ. ಮೂರು ವರ್ಷದ ಹಿಂದೆ ಒಬ್ಬಳೇ ಶೃಂಗೇರಿ ಹತ್ತಿರದ ವೈಕುಂಠಪುರಕ್ಕೆ ಹೋಗಿದ್ದೆ. 1970ರ 'ಸಂಸ್ಕಾರ' ಚಿತ್ರೀಕರಣ ನಡೆದ ಊರು. ಪಟ್ಟಾಭಿರಾಮ ರೆಡ್ಡಿ ನಿರ್ದೇಶನ, ಗಿರೀಶ್ ಕಾರ್ನಾಡರ ಪ್ರಾಣೇಶಾಚಾರ್ಯ, ಲಂಕೇಶರ ನಾರಣಪ್ಪ, ಆಸ್ಟ್ರೇಲಿಯಾದ ಟಾಮ್ ಕೊವನ್ ಕ್ಯಾಮೆರಾ. ಮೊದಲು ಸೆನ್ಸಾರಿನವರು ನಿಷೇಧಿಸಿ, ಆಮೇಲೆ ರಾಷ್ಟ್ರದ ಅತ್ಯುತ್ತಮ ಚಿತ್ರ ಅನಿಸಿಕೊಂಡ, ಆ ಗೌರವ ಪಡೆದ ಮೊದಲ ಕನ್ನಡ ಸಿನಿಮಾ. ಕಾದಂಬರಿ ಹುಟ್ಟಿದ್ದೂ ಒಂದು ಸಿನಿಮಾದಿಂದ: ಇಂಗ್ಲೆಂಡಿನಲ್ಲಿ ಓದುತ್ತಿದ್ದ ಅನಂತಮೂರ್ತಿಯವರು ಬರ್ಗ್‌ಮನ್‌ನ 'ದ ಸೆವೆಂತ್ ಸೀಲ್' ನೋಡಿದ ಮೇಲೆ ಬರೆಯಲು ಕೂತದ್ದು ಇದನ್ನ. ಇಷ್ಟೆಲ್ಲ ತಿಳಿದುಕೊಂಡು, ಒಂದು ನಮೂನೆ ಭಕ್ತಿಯಿಂದಲೇ ಹೋದೆ. ಮನೆ, ಅಂಗಳ, ಅಡಿಕೆ ಮರ, ಮಳೆ. ಫೋಟೊ ತೆಗೆದು ಹಾಕಿದೆ. ಚೆನ್ನಾಗಿತ್ತು. ಆದರೆ ಯಾರನ್ನಾದರೂ ನಿಲ್ಲಿಸಿ "ಪ್ರಾಣೇಶಾಚಾರ್ಯರು ನಡೆದುಹೋದ ದಾರಿ ಯಾವುದು" ಅಂತ ಕೇಳಬೇಕು ಅನ್ನಿಸಲಿಲ್ಲ. ಆ ಸಿನಿಮಾ ಬಗ್ಗೆ ನನಗೆ ಗೌರವ ಇದೆ, ಈಗಲೂ ಇದೆ. ಗೌರವ ಇರುವ ಮನೆಗೆ ನಾವು ಹೇಳಿ ಹೋಗ್ತೀವಿ, ಚಪ್ಪಲಿ ಹೊರಗೆ ಬಿಟ್ಟು ತುದಿಯಲ್ಲಿ ಕೂತು ಬರ್ತೀವಿ, ಹಾಗೆ ಆಯಿತು.

ಕೋಟೆ ಬಾಗಿಲಿಗೆ ಬಂದಾಗ ಒಂಬತ್ತೂಕಾಲು. ಬಿಸಿಲು ಆಗಲೇ ಬಂಡೆಗೆ ಹತ್ತಿತ್ತು.

ಇಲ್ಲಿನ ಬಾಗಿಲುಗಳು ಒಂದರ ಎದುರು ಒಂದು ಇಲ್ಲ. ಒಂದು ದಾಟಿ ಹಾವಿನಂತೆ ತಿರುಗಿದರೇ ಇನ್ನೊಂದು ಕಾಣೋದು. ಆನೆಯನ್ನು ಓಡಿಸಿಕೊಂಡು ಬಂದು ಬಾಗಿಲು ಮುರಿಯಲು ಜಾಗವೇ ಸಿಗಬಾರದು ಅಂತ ಈ ಉಪಾಯ. ಅಮ್ಮ ಪ್ರತಿ ತಿರುವಿನಲ್ಲೂ ಗೋಡೆಗೆ ಕೈಯಿಟ್ಟು ನಿಂತಳು. ಕಲ್ಲಿಗೆ ಕಲ್ಲು ಕೂರಿಸಿರುವ ಪರಿ ನೋಡಲು ಅಂತ ನನಗೆ ಹೇಳಿದಳು. ಮಂಡಿ ನೋವಿಗೆ ಅಂತ ನನಗೆ ಗೊತ್ತಿತ್ತು.

ಒಬ್ಬ ಗೈಡ್ ಜೊತೆಯಾದರು. ಮದ್ದು ಬೀಸುವ ಕಲ್ಲು, ಎಣ್ಣೆ ಕೊಳ, ಟಂಕಸಾಲೆ ಅಂತ ಅವರು ಕ್ರಮವಾಗಿ ತೋರಿಸುತ್ತಿದ್ದರೆ ಅಮ್ಮ ಮಧ್ಯೆ ಮಧ್ಯೆ "ಆ ಹಾಡು ಎಲ್ಲಿ ತೆಗೆದದ್ದು?" ಅಂತ ಕೇಳುತ್ತಿದ್ದಳು. ರಾಮಾಚಾರಿ ಅಲಮೇಲು ಜೊತೆ ನಿಧಾನ ಚಲನೆಯಲ್ಲಿ ಓಡುವ ಹಾಡು. ಚಿಟ್ಟಿಬಾಬು ಅವರ ಕ್ಯಾಮೆರಾ. ಆ ಕಾಲಕ್ಕೆ ಜನ ಅದನ್ನೇ ನೋಡಲು ಮತ್ತೆ ಮತ್ತೆ ಟಿಕೆಟ್ ತಗೊಳ್ತಿದ್ದರಂತೆ. ಗೈಡ್ ಮೊದಲು ಸ್ವಲ್ಪ ಬೇಸರ ಪಟ್ಟುಕೊಂಡರು. ಇತಿಹಾಸ ಓದಿಕೊಂಡವರು, ಪಾಪ. ಆಮೇಲೆ ಅವರೇ ಬದಲಾದರು. "ನಮ್ಮಪ್ಪ ಶೂಟಿಂಗ್ ನೋಡಿದ್ರಂತೆ ಅಮ್ಮಾ, ಕಾಲೇಜಿಗೆ ಚಕ್ಕರ್ ಹೊಡೆದು" ಅಂದರು. ಅಲ್ಲಿಂದ ಮುಂದೆ ಮದಕರಿ ನಾಯಕ ಹಿಂದೆ ಬಿದ್ದ, ರಾಮಾಚಾರಿ ಮುಂದೆ ಬಂದ.

ಓಬವ್ವನ ಕಿಂಡಿ ಹತ್ತಿರ ಒಂದು ಶಾಲೆಯ ಮಕ್ಕಳ ಸಾಲು. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾಗ ನೀರಿಗೆಂದು ಬಂದವಳು, ಬಂಡೆ ಸಂದಿಯಿಂದ ಹೈದರಾಲಿಯ ಸೈನಿಕರು ನುಸುಳೋದು ಕಂಡು ಒನಕೆ ಎತ್ತಿದ ಕಥೆ ನಿಮಗೆಲ್ಲ ಗೊತ್ತು. ಕಿಂಡಿ ನೋಡಿದರೆ ಆಶ್ಚರ್ಯ ಆಗುತ್ತೆ, ಒಬ್ಬ ಮನುಷ್ಯ ಬಗ್ಗಿ ತೂರಿದರೆ ಮುಗಿಯಿತು. ಟೀಚರ್ ಕಥೆ ಹೇಳಿ ಮುಗಿಸುವ ಮೊದಲೇ ಮಕ್ಕಳು ಸಿನಿಮಾದ ಓಬವ್ವನ ಹಾಡು ಶುರು ಮಾಡಿದರು. ಒಂದು ಹಾಡಿಗೆ ಮಾತ್ರ ಬಂದು ಹೋದ ಜಯಂತಿ ಅವರ ಮುಖವೇ ಈಗ ಓಬವ್ವನ ಮುಖ. ಈ ಮಕ್ಕಳ ಅಪ್ಪ ಅಮ್ಮಂದಿರೂ ಹುಟ್ಟಿರದ ಕಾಲದ ಹಾಡು ಅದು. ಇಂಥದ್ದಕ್ಕೆ ಯಾವ ಪಟ್ಟಿಯಲ್ಲಿ ಎಷ್ಟು ಅಂಕ ಕೊಡೋದು?

ಆದರೂ ಒಂದು ಮಾತು ಹೇಳಬೇಕು. 'ನಾಗರಹಾವು' ದೋಷ ಇಲ್ಲದ ಸಿನಿಮಾ ಅಂತ ನಾನು ಹೇಳಲ್ಲ. ತಳುಕಿನವರಾದ ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಈ ಮೂರು ಕಾದಂಬರಿ ಸೇರಿಸಿ ಹೆಣೆದ ಕಥೆ ಅದು. ಸಿನಿಮಾ ನೋಡಿ ಸ್ವತಃ ತ.ರಾ.ಸು. ಅವರಿಗೇ ಸಮಾಧಾನ ಆಗಲಿಲ್ಲ, ನನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂದರು ಎಂಬ ಮಾತು ಕನ್ನಡ ಚಿತ್ರರಂಗದಲ್ಲಿ ಇಂದಿಗೂ ಓಡಾಡುತ್ತೆ. ಕೆಲವು ಕಡೆ ಮಾತು ಜಾಸ್ತಿ, ಅಳು ಜಾಸ್ತಿ. ಹಾಸ್ಯದ ತುಣುಕುಗಳು ಈಗ ಅಷ್ಟು ರುಚಿಸಲ್ಲ. ಒಳ್ಳೆ ಸಿನಿಮಾ ಯಾವುದು ಅಂತ ಕೇಳಿದರೆ ಸಿನಿಮಾದ ಬಗ್ಗೆ ಮಾತಾಡಬಹುದು, ಇದನ್ನೆಲ್ಲ ತೂಗಿ ಹೇಳಬಹುದು. ನಿನಗೆ ಯಾವುದು ಇಷ್ಟ ಅಂತ ಕೇಳಿದರೆ ಮಾತಾಡಬೇಕಾದ್ದು ನಮ್ಮ ಬಗ್ಗೆ. ಎರಡನೆಯದಕ್ಕೆ ನಾನು ಮೊದಲನೆಯದರ ಉತ್ತರ ಕೊಟ್ಟುಕೊಂಡು ಬಂದಿದ್ದೆ ಅಂತ ಕಾಣುತ್ತೆ. ಸೇಫ್ ಅಲ್ವಾ ಅದು?

ಗಮನಿಸಿ, ಆ ವಿಷ್ಣುವರ್ಧನ್ ಕೂಡ ಎರಡೂ ಕಡೆಯವರೇ. ಪುಟ್ಟಣ್ಣ ಅವರಿಗೆ ಆ ಹೆಸರಿಡುವ ಮೊದಲು ಸಂಪತ್‌ಕುಮಾರ್ ಆಗಿ, ಕಾರ್ನಾಡ್ ಮತ್ತು ಕಾರಂತರ 'ವಂಶವೃಕ್ಷ'ದಲ್ಲಿ ಸಣ್ಣ ಪಾತ್ರ ಮಾಡಿದ್ದರು. ಪ್ರಶಸ್ತಿಯ ಸಿನಿಮಾ ಅದು. ಅಲ್ಲಿಂದ ಬಂದು ದುರ್ಗದ ಬಂಡೆ ಮೇಲೆ ನಿಂತರು.

ಈಗ 'ಜೀನ್ ಡೀಲ್‌ಮನ್' ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಕೋಟೆಯಲ್ಲಿ ಅದೇ ಬಂತು. ಎರಡು ತಿಂಗಳ ಹಿಂದಿನ ಒಂದು ಮಳೆಯ ಭಾನುವಾರ, ಮೂರನೇ ಪ್ರಯತ್ನ ಅಂತ ಟೀವಿಗೆ ಹಾಕಿಕೊಂಡು ಕೂತಿದ್ದೆ. ಮೂರು ಗಂಟೆ ಇಪ್ಪತ್ತೊಂದು ನಿಮಿಷ. ಬ್ರಸೆಲ್ಸ್ ನಗರದ ಒಬ್ಬ ವಿಧವೆ, ಹರೆಯದ ಮಗ, ಮೂರು ದಿನದ ಮನೆಗೆಲಸ. ಹಾಸಿಗೆ ಮಡಿಸೋದು, ಬೂಟು ಪಾಲಿಶ್, ಪಾತ್ರೆ, ಆಲೂಗಡ್ಡೆ. ಕ್ಯಾಮೆರಾ ಅಲ್ಲಾಡಲ್ಲ. ಮಾತು ತೀರಾ ಕಡಿಮೆ. ಮಧ್ಯಾಹ್ನ ಒಬ್ಬೊಬ್ಬ ಗಂಡಸು ಬಂದು, ಬಾಗಿಲು ಮುಚ್ಚಿ, ದುಡ್ಡು ಕೊಟ್ಟು ಹೋಗ್ತಾನೆ, ಅದೂ ಒಂದು ಮನೆಗೆಲಸ ಅನ್ನೋ ಹಾಗೆ. ನನಗೆ ಕಣ್ಣು ಎಳೆಯುತ್ತಿತ್ತು. ಅಮ್ಮ ಮೆಂತ್ಯಸೊಪ್ಪು ಬಿಡಿಸಲು ಅಂತ ಬಂದು ಕೂತವಳು ಸೊಪ್ಪು ಮುಗಿದರೂ ಏಳಲಿಲ್ಲ.

ಎರಡನೇ ದಿನ ಸಂಜೆ. ನಾನು ಏನೂ ಆಗ್ತಿಲ್ಲ ಅಂತ ಫೋನ್ ತೆಗೆದಿದ್ದೆ. ಅಮ್ಮ ಇದ್ದಕ್ಕಿದ್ದಂತೆ, "ಆಲೂಗಡ್ಡೆ ಬೆಂದು ಕರಗೋಯ್ತು. ಇವತ್ತು ಇವಳಿಗೆ ಏನೋ ಆಗೈತೆ" ಅಂದಳು.

"ಏನಾಗಿದೆ?"

"ನೀನು ನೋಡಿಲ್ವಾ, ದುಡ್ಡಿಟ್ಟು ಆ ಪಿಂಗಾಣಿ ಪಾತ್ರೆ ಮುಚ್ಚಳ ಮುಚ್ಚಲಿಲ್ಲ. ನಿನ್ನೆ ಮುಚ್ಚಿದ್ಲು. ರೂಮಿಂದ ಬಂದ್ರೆ ಲೈಟ್ ಆರಿಸ್ತಿದ್ಲು, ಈಗ ಅದೂ ತಪ್ತಾ ಐತೆ. ಕೈ ಹಿಡಿತದಲ್ಲಿಲ್ಲ ಅವಳಿಗೆ."

ಆ ಚಿತ್ರದ ಬಗ್ಗೆ ಬಂದ ಬರಹಗಳೆಲ್ಲ ಆ ಆಲೂಗಡ್ಡೆಯ ಹತ್ತಿರವೇ ನಿಲ್ಲುತ್ತವೆ. ಅಲ್ಲಿಂದಲೇ ಅವಳ ಬದುಕಿನ ದಾರ ಬಿಚ್ಚಿಕೊಳ್ಳೋದು. ನಾನು ಅದನ್ನು ಓದಿ ತಿಳಿದುಕೊಂಡಿದ್ದೆ, ಕಂಡಿರಲಿಲ್ಲ. ಅಮ್ಮನಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಬರಲ್ಲ. ಶ್ರೇಷ್ಠ ಸಿನಿಮಾ ಅನ್ನೋದು ಅವಳಿಗೆ ಗೊತ್ತೂ ಇರಲಿಲ್ಲ. ಕೊನೆಯ ಭಾಗ ಏನಾಗುತ್ತೆ ಅಂತ ನಾನಿಲ್ಲಿ ಹೇಳಲ್ಲ, ನೋಡಬೇಕು ಅಂತಿರುವವರಿಗೆ. ಅದು ಬಂದಾಗ ಅಮ್ಮ ಬೆಚ್ಚಿಬೀಳಲಿಲ್ಲ. "ಇನ್ನೇನು ಮತ್ತೆ" ಅಂತ ಹೇಳಿ ಸೊಪ್ಪಿನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಕೋಟೆಯಲ್ಲಿ ಏಕನಾಥೇಶ್ವರಿ ಗುಡಿ ತಲುಪುವಷ್ಟರಲ್ಲಿ ಅಮ್ಮನ ಮಂಡಿ ಊದಿತ್ತು. ಗೈಡ್‌ಗೆ ದುಡ್ಡು ಕೊಟ್ಟು ಕಳಿಸಿ, ನೆರಳಿದ್ದ ಕಡೆ ಮೆಟ್ಟಿಲ ಮೇಲೆ ಕೂತೆವು. ಕೋತಿಗಳ ಕಣ್ಣು ನಮ್ಮ ಬ್ಯಾಗಿನ ಮೇಲೆ. ಕೆಳಗೆ ಊರು, ಆಚೆ ಗುಡ್ಡ, ಅದರಾಚೆ ಮತ್ತೆ ಆ ಜೋಗಿಗಳು. ನಾನು ನೀರಿನ ಬಾಟಲಿ ಕೊಟ್ಟು ಕೇಳಿದೆ.

"ಅಮ್ಮ, ಚಾಮಯ್ಯ ಮೇಷ್ಟ್ರು ಬಿದ್ದ ಜಾಗ ಯಾಕೆ ನೋಡಬೇಕು ನಿಂಗೆ? ಬಂದೋರೆಲ್ಲ ವಿಷ್ಣುವರ್ಧನ್ ನಿಂತ ಜಾಗ ಕೇಳ್ತಾರೆ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದ್ದು ಬೇರೆ ಪ್ರಶ್ನೆ. "ಅಟ್ಟದ ಮೇಲೆ ಹಸಿರು ಟ್ರಂಕ್ ಐತಲ್ಲ, ಅದು ಯಾವಾಗಿಂದು ಗೊತ್ತಾ?"

ಗೌರಿ ಹಬ್ಬದ ಪಾತ್ರೆ, ದಸರಾ ಗೊಂಬೆ ಇಡುವ ಟ್ರಂಕು. ಮದುವೆಯಲ್ಲಿ ತವರಿಂದ ಕೊಟ್ಟದ್ದು ಅಂತ ನನ್ನ ನಂಬಿಕೆ.

ಅಲ್ಲವಂತೆ. ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ದುರ್ಗದಲ್ಲಿ ಅವಳಿಗೆ ಟಿಸಿಎಚ್ ಸೀಟು ಸಿಕ್ಕಿತ್ತು. ಮೇಷ್ಟ್ರಾಗುವ ಓದು. ಹಾಸ್ಟೆಲ್‌ನಲ್ಲಿ ಇರಬೇಕು, ಅದಕ್ಕೆ ತಾತ ಸಂತೆಯಿಂದ ಟ್ರಂಕು ತಂದಿದ್ದರು. ಹೊರಡುವುದಕ್ಕೆ ನಾಲ್ಕು ದಿನ ಇರುವಾಗ ಅವಳ ಶಾಲೆಯ ಹೆಡ್ ಮೇಷ್ಟ್ರು ಮನೆಗೆ ಬಂದರು. ಅವಳಿಗೆ ಅಕ್ಷರ ಕಲಿಸಿದವರು, ಫೀಸು ಕಟ್ಟಲಾಗದ ವರ್ಷ ತಾವೇ ಕಟ್ಟಿದವರು. ಬೈಯಲಿಲ್ಲ, ಬೇಡ ಅನ್ನಲಿಲ್ಲ. ಅವಳನ್ನೇ ಎದುರು ಕೂರಿಸಿಕೊಂಡು, ನೀನು ಜಾಣೆ, ನಿನ್ನ ಬೆನ್ನಿಗೆ ಮೂರು ಜನ ತಂಗಿಯರಿದ್ದಾರೆ, ನೀನು ಊರು ಬಿಟ್ಟು ಒಬ್ಬಳೇ ಇದ್ದೆ ಅಂದರೆ ನಾಳೆ ಅವರ ಮದುವೆಗೆ ಜನ ಏನಂತಾರೆ, ನೀನೇ ಯೋಚನೆ ಮಾಡಿ ಹೇಳು ಅಂದರು.

"ನಾನೇ ಹೇಳ್ದೆ, ಬೇಡಪ್ಪ ಅಂತ. ನಮ್ಮಪ್ಪ ಹೋಗು ಅಂತಾನೇ ಇದ್ದ. ನಾನೇ ಬೇಡ ಅಂದೆ."

ಸಿನಿಮಾ ನೋಡಿದವರಿಗೆ ನೆನಪಿರುತ್ತೆ. ರಾಮಾಚಾರಿಯನ್ನು ಯಾರೂ ಹೊಡೆದು ಬಗ್ಗಿಸಲ್ಲ, ಅವನು ಬಗ್ಗೋ ಪೈಕಿಯೂ ಅಲ್ಲ. ಪ್ರಿನ್ಸಿಪಾಲರನ್ನೇ ಕಂಬಕ್ಕೆ ಕಟ್ಟಿದ ಹುಡುಗ. ಅವನು ಸೋಲೋದು ಕೆ.ಎಸ್. ಅಶ್ವಥ್ ಅವರ ಆ ಮೆತ್ತಗಿನ ಮುಖಕ್ಕೆ, ಪ್ರೀತಿಸುವ ಮೇಷ್ಟ್ರ ಮಾತಿಗೆ. ಜಾತಿ, ಸಂಪ್ರದಾಯ, ಮನೆತನ ಅಂತ ಅವರು ಹೇಳಿದ್ದಕ್ಕೆ ಅಲಮೇಲುವನ್ನು ಬಿಟ್ಟುಕೊಡ್ತಾನೆ. ಅಲಮೇಲುವಿಗೆ ಬೇರೆ ಮದುವೆ. ವರ್ಷಗಳ ಮೇಲೆ ಅವಳು ಮತ್ತೆ ಸಿಗೋದು ಒಂದು ದೊಡ್ಡ ಹೋಟೆಲ್ಲಿನ ಕೋಣೆಯಲ್ಲಿ, ಮೈ ಮಾರಿಕೊಂಡು ಬದುಕುವವಳಾಗಿ.

"ಹೆಡ್ ಮೇಷ್ಟ್ರು ಕೆಟ್ಟೋರಲ್ಲ ಕಣೆ. ಕೆಟ್ಟೋರಾಗಿದ್ರೆ ನಾನು ಹೋಗ್ತಿದ್ದೆ" ಅಂದಳು ಅಮ್ಮ. "ಟೆಂಟಲ್ಲಿ ನೋಡಿದಾಗ ಚಿಕ್ಕೋಳು, ಏನೂ ಗೊತ್ತಾಗಿರಲಿಲ್ಲ. ಮದುವೆ ಆದ್ಮೇಲೆ ಟೀವೀಲಿ ಬಂತಲ್ಲ, ಆವಾಗ ಗೊತ್ತಾಯ್ತು. ಆ ಮೇಷ್ಟ್ರು ಬಂಡೆಯಿಂದ ಬೀಳೋ ಹೊತ್ತಿಗೆ ಎಲ್ಲರೂ ಅಳ್ತಿದ್ರು. ನಿಮ್ಮಪ್ಪನೂ. ನಂಗೆ ಅಳು ಬರಲಿಲ್ಲ. ಬರಲಿಲ್ವಲ್ಲ ಅಂತ ಬೇಜಾರಾಯ್ತು. ಪ್ರತಿ ಸಲ ನೋಡುವಾಗ್ಲೂ ಈ ಸಲ ಬರುತ್ತಾ ಅಂತ ನೋಡ್ತೀನಿ."

ನಾನು ಏನು ಹೇಳಬೇಕಿತ್ತೋ ಗೊತ್ತಿಲ್ಲ. "ಅಪ್ಪಂಗೆ ಗೊತ್ತಾ?" ಅಂದೆ.

"ಟ್ರಂಕು ಗೊತ್ತು" ಅಂದಳು. ಆಮೇಲೆ, ಏನೋ ನೆನಪಾದವಳಂತೆ, "ಆ ಆಲೂಗಡ್ಡೆಯವಳನ್ನ ನೋಡ್ದಾಗ ಅಲಮೇಲು ನೆನಪಾದ್ಲು. ಅಲಮೇಲು ಮನೇಲಿ ಅಡುಗೆ ಮಾಡ್ತಿದ್ಲಾ, ಏನು ಮಾಡ್ತಿದ್ಲು, ಅದನ್ನ ಪುಟ್ಟಣ್ಣ ತೋರಿಸಲಿಲ್ಲ. ಆ ಹೆಂಗಸು ತೋರಿಸಿದ್ಲು."

ಆ ಹೆಂಗಸು ಅಂದರೆ ಶಾಂತಾಲ್ ಅಕೆರ್ಮನ್. ಹಾಗೆ ಅಂದಳು ಅಮ್ಮ, ದುರ್ಗದ ಗುಡಿಯ ಮೆಟ್ಟಿಲ ಮೇಲೆ ಕೂತು, ಕೋತಿಗೆ ಬಾಳೆಹಣ್ಣಿನ ಸಿಪ್ಪೆ ಎಸೆಯುತ್ತ.

"ನೀನು ಮೇಲೆ ಹೋಗಿ ನೋಡ್ಕೊಂಡು ಬಾ, ನನ್ನಿಂದ ಆಗಲ್ಲ" ಅಂತ ಅವಳೇ ಕಳಿಸಿದಳು. ತುಪ್ಪದ ಕೊಳದ ಬತೇರಿಗೆ ಬಂಡೆಯಲ್ಲೇ ಕಡಿದ ಕಾಲಿಡುವ ಗುಳಿಗಳಿವೆ, ಶೂ ಹಾಕಿಕೊಂಡು ಹತ್ತುವುದು ಕಷ್ಟ. ನಾನು ಶೂ ಕೈಯಲ್ಲಿ ಹಿಡಿದು ಹತ್ತಿದೆ. ಬಂಡೆ ಸುಡುತ್ತಿತ್ತು. ಮೇಲೆ ಗಾಳಿ, ಎಷ್ಟು ಗಾಳಿ ಅಂದರೆ ವಿಡಿಯೊ ಕಾಲ್‌ನಲ್ಲಿ ನನ್ನ ಮಾತು ಅವಳಿಗೆ ಕೇಳಿಸಲಿಲ್ಲ. ಕ್ಯಾಮೆರಾ ತಿರುಗಿಸಿ ಸುಮ್ಮನೆ ತೋರಿಸುತ್ತ ಹೋದೆ. ಕೆಳಗಿನ ಕೋಟೆ ಗೋಡೆಗಳು ಒಂದರೊಳಗೊಂದು, ಹೊಂಡಗಳು, ಒಂದರ ಮೇಲೊಂದು ಯಾರೋ ಇಟ್ಟು ಮರೆತಂತಿರುವ ಬಂಡೆಗಳು. ಗುಡಿಯ ಹತ್ತಿರ ನೇರಳೆ ಸೀರೆಯ ಒಂದು ಚುಕ್ಕೆ, ಅದು ಅಮ್ಮ. ಚುಕ್ಕೆ ಕೈ ಬೀಸಿತು.

"ಇನ್ನೂ ಎಡಕ್ಕೆ" ಅಂತ ಫೋನಿನಲ್ಲಿ ಅಮ್ಮನ ದನಿ ತುಂಡು ತುಂಡಾಗಿ ಬಂತು. "ಆ ಬಂಡೆ. ಹ್ಞಾಂ, ಅದೇ. ಅದೇ ಇರಬೇಕು. ನಿಲ್ಲಿಸು ಅಲ್ಲೇ."

ನಿಲ್ಲಿಸಿದೆ. ಒಂದು ನಿಮಿಷ ಅವಳು ಮಾತಾಡಲಿಲ್ಲ. ಗಾಳಿಗೆ ನನ್ನ ಕೈ ನಡುಗುತ್ತಿತ್ತು, ಚಿತ್ರ ಅಲ್ಲಾಡದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡೆ. ನಮ್ಮ ಗ್ರೂಪಿನವರು ಹೊಗಳುವ ಸ್ಥಿರ ಶಾಟ್ ಅಂದರೆ ಇದೇ ಇರಬೇಕು.

"ಸಾಕು, ಇಳಿ. ಬಿಸ್ಲು" ಅಂದಳು.

ಇಳಿಯುವಾಗ ಅವಳು ನನ್ನ ಭುಜ ಹಿಡಿದುಕೊಂಡಳು. ಒಂದೂವರೆ ಗಂಟೆ ಬೇಕಾಯಿತು. ಕೋಟೆಯ ಹೊರಗೆ ಮಂಡಕ್ಕಿ, ಮಿರ್ಚಿ ಸಿಕ್ಕಿತು, ಕಾರಿನ ಬಾಗಿಲು ತೆಗೆದಿಟ್ಟು ಅಮ್ಮ ಕಾಲು ಚಾಚಿ ಕೂತಳು.

"ಆ ಆಲೂಗಡ್ಡೆಯವಳ ಊರಿಗೂ ಹಿಂಗೆ ಜನ ಹೋಗಿ ಮನೆ ನೋಡ್ತಾರಾ?" ಅಂದಳು.

ಸಿನಿಮಾದ ಪೂರ್ತಿ ಹೆಸರಿನಲ್ಲೇ ವಿಳಾಸ ಇದೆ, ಅಂಚೆಯವರಿಗೆ ಕೊಟ್ಟರೂ ಸಾಕು: 23, ಕೆ ದು ಕೊಮರ್ಸ್, 1080 ಬ್ರಸೆಲ್ಸ್. ಮ್ಯಾಪಿನಲ್ಲಿ ಹುಡುಕಿ ಆ ಬೀದಿಯ ಫೋಟೊ ತೋರಿಸಿದೆ. ಅಮ್ಮ ಕನ್ನಡಕ ಹಣೆಗೇರಿಸಿ, ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ಎರಡು ಬೆರಳಲ್ಲಿ ಹಿಗ್ಗಿಸಿ ಒಂದೊಂದೇ ಕಿಟಕಿ ನೋಡಿದಳು.

"ಅಡುಗೆಮನೆ ಕಿಟಕಿ ಯಾವುದು ಇದ್ರಲ್ಲಿ?"

"ಅದು ಹಿಂದುಗಡೆ ಇರಬೇಕಮ್ಮ."

"ಹ್ಞೂಂ. ಇನ್ನೆಲ್ಲಿರುತ್ತೆ" ಅಂತ ಫೋನ್ ವಾಪಸ್ ಕೊಟ್ಟು, ನನ್ನ ಪೊಟ್ಟಣದಿಂದ ಕೊನೆಯ ಮಿರ್ಚಿ ತೆಗೆದುಕೊಂಡಳು.